ಎರಡು ತಲೆಯ ಹಕ್ಕಿಗೆ ಊರಲ್ಲೊಂದು ಜಾಗ

ಬೇಸಿಗೆ ರಜೆಯಲ್ಲಿ ಮನೆಯವರೊಡನೆ ಬಳ್ಳಿಗಾವಿಗೆ ಹೋಗಿಬಂದ ಅಕ್ಕನ ಮಗಳು ನಮ್ಮ ಮನೆಯ ಜಗಲಿ ಹತ್ತುತ್ತಲೇ, “ಮಾವ, ಈ ಸಲದ ಆಟಕ್ಕೆ ನಾನು ಗಂಡಭೇರುಂಡ ಆಗ್ತೀನಿ, ಬೇಡ ಅನ್ಬೇಡಿ” ಎಂದಳು. ಶಿಕಾರಿಪುರ ತಾಲ್ಲೂಕಿನ ಆ ಊರಿನಲ್ಲಿ ಚಾಮುಂಡರಾಯರಸನು 1047ರಲ್ಲಿ ನಿಲ್ಲಿಸಿದ ಎತ್ತರದ ಕಂಬವೊಂದಿದೆ. ಅಲ್ಲಿನ ಗಂಡಭೇರುಂಡವು ಸರ್ಕಾರಿ ಕಾಗದಗಳ ಲಾಂಛನದಲ್ಲಿ ನಾವು ನೋಡುವ ಹಕ್ಕಿಯಂತಿಲ್ಲ. ಅದಕ್ಕೆ ಮನುಷ್ಯನ ಮೈ ಇದೆ, ಆ ಮೈಯ ಮೇಲೆ ಎರಡು ಹಕ್ಕಿಯ ತಲೆಗಳಿವೆ. ಹುಡುಗಿಗೆ ಹಿಡಿಸಿದ್ದು ಆ ಮನುಷ್ಯನ ಮೈ. ಕೈಯಿರುವುದರಿಂದ ಬಾಗಿಲು ತೆಗೆಯಬಹುದು, ಕಾಲಿರುವುದರಿಂದ ಎಲ್ಲರ ಜೊತೆ ನಡೆಯಬಹುದು, ಹಾಗಿದ್ದ ಮೇಲೆ ಅದು ಪಾತ್ರವಾಗಲು ಅಡ್ಡಿಯೇನು ಎನ್ನುವುದು ಅವಳ ವಾದವಾಗಿತ್ತು. ಕೆಲವು ವರ್ಷಗಳ ಹಿಂದಾಗಿದ್ದರೆ ನಾನು ಸುಮ್ಮನೆ ಒಪ್ಪಿಬಿಡುತ್ತಿದ್ದೆ, ಇಲ್ಲವೇ ಸುಮ್ಮನೆ ನಿರಾಕರಿಸುತ್ತಿದ್ದೆ. ಎರಡೂ ತಪ್ಪೆಂದು ಈಗ ನನಗೆ ಅನ್ನಿಸಿದೆ, ಏಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಶಿವಮೊಗ್ಗದ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಐದಾರು ಮಂದಿ ಕೂತು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು. ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಂಡು ಅದರ ಬಾಯಿಂದಲೇ ಮಾತಾಡುತ್ತಾರೆ. ಆಗುತ್ತದೋ ಇಲ್ಲವೋ ಎಂದು ಹೇಳಲಾಗದ ಕೆಲಸಕ್ಕೆ ಕೈಹಾಕಿದಾಗ ಇಪ್ಪತ್ತು ಮುಖದ ದಾಳವನ್ನು ಉರುಳಿಸುತ್ತಾರೆ. ಉಳಿದ ಇಡೀ ಜಗತ್ತನ್ನು, ಅಂದರೆ ಊರು, ಕಾಡು, ಶತ್ರು, ಅಂಗಡಿಯವನು, ಮಳೆ, ಎಲ್ಲವನ್ನೂ ನಡೆಸುವ ಒಬ್ಬನಿರುತ್ತಾನೆ. ಬೇರೆಯವರು ಅವನನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ, ನಾವು ಭಾಗವತ ಎನ್ನುತ್ತೇವೆ. ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದ ಮಳೆಗಾಲದಲ್ಲಿ ನಮ್ಮ ಕಡೆಯ ಮನೆಗಳಲ್ಲೂ ದೇವಸ್ಥಾನಗಳಲ್ಲೂ ನಡೆಯುವ ತಾಳಮದ್ದಲೆಯನ್ನು ಕಂಡವರಿಗೆ ಇದರಲ್ಲಿ ವಿಚಿತ್ರವೇನೂ ತೋರುವುದಿಲ್ಲ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ; ಅರ್ಥಧಾರಿಗಳು ಎದುರುಬದುರು ಕೂತು, ಭಾಗವತರ ಪದ ಮುಗಿದ ಮೇಲೆ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಕರ್ಣನೂ ಕೃಷ್ಣನೂ ಆಗುತ್ತಾರೆ. ನಮ್ಮಲ್ಲಿ ಪದದ ಬದಲು ದಾಳವಿದೆ, ಅಷ್ಟೇ. ದಾಳ ನೆಲಕ್ಕೆ ಹಾರಿ ಸೋಫಾದ ಅಡಿಗೆ ಹೋಗದಿರಲೆಂದು ಅದನ್ನು ಅಡಿಕೆ ಹಾಳೆಯ ತಟ್ಟೆಯೊಳಗೆ ಉರುಳಿಸುವ ರೂಢಿಯಾಗಿದೆ. ಹೆಂಚಿನ ಮೇಲೆ ಮಳೆ ಹೊಡೆಯುತ್ತಿರುವಾಗ ಆ ಒಣ ಹಾಳೆಯಲ್ಲಿ ದಾಳ ಉರುಳುವ ಟಕಟಕ ಸದ್ದನ್ನು ಕೇಳಲೆಂದೇ ನಾನು ವಾರವಿಡೀ ಕಾಯುತ್ತೇನೆ.

ನಮ್ಮ ಈಗಿನ ಕತೆ ನಡೆಯುವುದು ಮಲೆನಾಡಿನಂಥದೇ ಒಂದು ನಾಡಿನಲ್ಲಿ. ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಕೆಳದಿಯ ಅರಸುಮನೆತನದ ಆಳ್ವಿಕೆ ಮುಗಿಯಿತಲ್ಲ, ಅಂಥದೊಂದು ರಾಜಧಾನಿ ಬಿದ್ದ ಮಾರನೆಯ ವರ್ಷ ಘಟ್ಟದ ತಲೆಯಲ್ಲಿರುವ ಒಂದು ಹಳ್ಳಿಯ ಪಾಡೇನು ಎಂಬಲ್ಲಿಂದ ಆಟ ಶುರುವಾಯಿತು. ಹಳ್ಳಿಗೆ ಸಂಕದಗದ್ದೆ ಎಂದು ಹೆಸರಿಟ್ಟಿದ್ದೇನೆ. ಇತಿಹಾಸವನ್ನು ಇದ್ದ ಹಾಗೆ ಆಡುತ್ತಿಲ್ಲ, ಅದರ ನೆರಳನ್ನಷ್ಟೇ ಎರವಲು ತಂದಿದ್ದೇವೆ. ಕಾಯುವ ಅರಸರಿಲ್ಲ, ಮೆಣಸು ಕೊಳ್ಳುವವರು ಬರುತ್ತಿಲ್ಲ, ಕಾಡಿನ ಅಂಚು ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಒಳಗೆ ಬರುತ್ತಿದೆ. ಇಂಥ ಊರಿನೊಳಕ್ಕೆ ಎರಡು ತಲೆಯವಳೊಬ್ಬಳನ್ನು ಕರೆತರಬೇಕಾಗಿತ್ತು.

ಮನುಷ್ಯನಲ್ಲದ, ಸಾಮಾನ್ಯವಲ್ಲದ ಪಾತ್ರಗಳ ಪ್ರಶ್ನೆ ಈ ಆಟದಷ್ಟೇ ಹಳೆಯದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಮೊದಲ ನಿಯಮಪುಸ್ತಕಗಳಲ್ಲಿಯೇ, ಆಟಗಾರ ಬಹುಮಟ್ಟಿಗೆ ಏನು ಬೇಕಾದರೂ ಆಗಬಹುದು, ಆದರೆ ಬಲವಿಲ್ಲದ ಸ್ಥಿತಿಯಿಂದ ಶುರುಮಾಡಿ ಮೇಲೇರಬೇಕು, ಡ್ರ್ಯಾಗನ್ ಆಗಬಯಸುವವನು ಮರಿ ಡ್ರ್ಯಾಗನ್ ಆಗಿ ಆರಂಭಿಸಲಿ ಎಂಬ ಮಾತಿದೆ. ಅದಕ್ಕೂ ಮೊದಲು, ಆರ್ನೆಸನ್ ತನ್ನ ಗೆಳೆಯರೊಡನೆ ನಡೆಸುತ್ತಿದ್ದ ಬ್ಲ್ಯಾಕ್‌ಮೂರ್ ಕತೆಯಲ್ಲಿ ಸರ್ ಫ್ಯಾಂಗ್ ಎಂಬ ರಕ್ತಪಿಶಾಚಿಯನ್ನು ಒಬ್ಬ ಆಟಗಾರನೇ ಆಡುತ್ತಿದ್ದ. ಅವನ ಬಲ ಕೈಮೀರಿದಾಗ ಅವನನ್ನು ತಡೆಯಲೆಂದೇ ದೈವಬಲದ ಬೇಟೆಗಾರನೊಬ್ಬನನ್ನು ಸೃಷ್ಟಿಸಬೇಕಾಯಿತು. ಇವತ್ತಿಗೂ ಆಟದಲ್ಲಿ ಉಳಿದಿರುವ ಕ್ಲೆರಿಕ್ ಎಂಬ ಪಾತ್ರವರ್ಗ ಬೆಳೆದದ್ದು ಅಲ್ಲಿಂದ. ಒಂದು ವಿಚಿತ್ರ ಪಾತ್ರಕ್ಕೆ ಜಾಗ ಮಾಡಿಕೊಡಲು ಹೋಗಿ ಇಡೀ ಆಟದ ರೂಪವೇ ಬದಲಾಯಿತೆನ್ನುವುದು ನನಗೆ ಬಹಳ ಪ್ರಿಯವಾದ ಸಂಗತಿ. ಅದೇ ಗೈಗ್ಯಾಕ್ಸ್ 1979ರ ಡಂಜನ್ ಮಾಸ್ಟರ್ಸ್ ಗೈಡ್ ಬರೆಯುವ ಹೊತ್ತಿಗೆ ಮನಸ್ಸು ಬದಲಾಯಿಸಿದ್ದರು. ರಾಕ್ಷಸಜಾತಿಯ ಪಾತ್ರ ಬೇಕೆನ್ನುವ ಬಹುಪಾಲು ಆಟಗಾರರು ಅದರ ಬಲಕ್ಕಾಗಿ ಮಾತ್ರ ಕೇಳುತ್ತಾರೆ ಎನ್ನುವುದು ಅವರ ಆಕ್ಷೇಪವಾಗಿತ್ತು.

ಆ ಆಕ್ಷೇಪವನ್ನು ಲೆಕ್ಕದಿಂದ ಪರಿಹರಿಸುವ ಪ್ರಯತ್ನ ಮೂರನೆಯ ಆವೃತ್ತಿಯ ಕಾಲದಲ್ಲಿ ನಡೆಯಿತು. ಸ್ಯಾವೇಜ್ ಸ್ಪೀಷೀಸ್ ಎಂಬ 2003ರ ಪುಸ್ತಕವಂತೂ ಇದಕ್ಕೇ ಮೀಸಲಾಗಿತ್ತು. ಒಂದು ಜೀವಿಗೆ ಹುಟ್ಟಿನಿಂದ ಬಂದ ಶಕ್ತಿಗಳಿಗೆ ಇಷ್ಟು ಲೆವೆಲ್, ಅಂದರೆ ಪಾತ್ರ ಬಲಿಯುತ್ತ ಏರುವ ಇಷ್ಟು ಮೆಟ್ಟಿಲು, ಎಂದು ಬೆಲೆ ಕಟ್ಟಿ, ಅಷ್ಟನ್ನು ಅದರ ಲೆಕ್ಕದಲ್ಲಿ ಮೊದಲೇ ಹಿಡಿಯುವ ಪದ್ಧತಿಯದು. ಕೇಳಲು ನ್ಯಾಯವೆನಿಸುತ್ತದೆ, ಆಡಿದರೆ ಬೇರೆಯೇ ಆಗುತ್ತದೆ. ಪಿಕ್ಸಿ ಎಂಬ ರೆಕ್ಕೆಯ ಪುಟ್ಟ ಜೀವಿಗೆ ನಾಲ್ಕು ಲೆವೆಲ್‌ನ ಬೆಲೆಯಿತ್ತು. ಹಾಗಾಗಿ ಅದು ಐದನೆಯ ಲೆವೆಲ್‌ನ ಸಂಗಾತಿಗಳ ನಡುವೆ ನಿಲ್ಲುತ್ತಿತ್ತು, ಆದರೆ ಅದರ ಮೈಯಲ್ಲಿದ್ದ ಜೀವ ಮೊದಲ ಲೆವೆಲ್‌ನವರಷ್ಟೇ. ಸಂಗಾತಿಗಳು ತಡೆದುಕೊಳ್ಳುವ ಹೊಡೆತಕ್ಕೆ ಅದು ಸತ್ತೇಹೋಗುತ್ತಿತ್ತು. ಪೂರ್ಣಬಲದ ಓಗರ್ ಎಂಬ ದೈತ್ಯ ಆಗಬೇಕೆಂದವನು ಆರನೆಯ ಲೆವೆಲ್‌ಗೆ ಸಮನೆಂದು ಎಣಿಸಲ್ಪಡುತ್ತಿದ್ದುದರಿಂದ ಮೊದಲ ಲೆವೆಲ್‌ನ ಕತೆಯಲ್ಲಿ ಅವನಿಗೆ ಪ್ರವೇಶವೇ ಇರಲಿಲ್ಲ. ತಕ್ಕಡಿಯಲ್ಲಿ ತೂಗಬೇಕಾದದ್ದನ್ನೇ ತೂಗಿದರು, ತೂಕದ ಕಲ್ಲು ಮಾತ್ರ ಬೇರೆ ಇರಬೇಕಿತ್ತು ಎಂದು ನನ್ನ ಅಭಿಪ್ರಾಯ. ಐದನೆಯ ಆವೃತ್ತಿಯ 2014ರ ಪುಸ್ತಕ ಹೆಚ್ಚು ವಿವೇಕದಿಂದ ವರ್ತಿಸಿ, ಡ್ರ್ಯಾಗನ್‌ಬಾರ್ನ್ ಎಂಬ ಡ್ರ್ಯಾಗನ್ ರೂಪದ ಮನುಷ್ಯರು ಮೊದಲಾದವರು ಎಲ್ಲ ಜಗತ್ತುಗಳಲ್ಲಿ ಇರಲಿಕ್ಕಿಲ್ಲ, ಇದ್ದಲ್ಲಿಯೂ ವಿರಳ ಎಂದು ಹೇಳಿ, ಇರಿಸುವುದೋ ಬಿಡುವುದೋ ಎನ್ನುವುದನ್ನು ಭಾಗವತನಿಗೆ ಬಿಟ್ಟಿತು. ಆದರೆ ಇರಿಸಿಕೊಂಡ ಮೇಲೆ ಏನು ಮಾಡಬೇಕು?

ನಾನು ಮೊದಲು ನಡೆಸಿದ ಕತೆಯಲ್ಲಿ ಕೇಳಿದ್ದಕ್ಕೆಲ್ಲ ಹೂಂ ಎಂದಿದ್ದೆ. ಗೂಬೆಮುಖದವನೊಬ್ಬ, ಕಲ್ಲಿನ ಮೈಯವಳೊಬ್ಬಳು, ಬೆಂಕಿಯಿಂದ ಹುಟ್ಟಿದವನೊಬ್ಬ, ಹೀಗೆ ನಾಲ್ವರು ಒಟ್ಟಾಗಿ ಊರಿಗೆ ಬಂದರೆ ಚಹದಂಗಡಿಯವನು ಎಲ್ಲರಿಗೂ ಒಂದೇ ಮುಖದಲ್ಲಿ ಚಹ ಕೊಡುತ್ತಿದ್ದ. ಯಾರಿಗೂ ನೋವಾಗಬಾರದೆಂಬ ಕಾಳಜಿಯಿಂದ ನಾನು ಹಾಗೆ ನಡೆಸಿದ್ದೆ. ಏಳೆಂಟು ವಾರಗಳ ನಂತರ ಗೂಬೆಮುಖದ ಪಾತ್ರ ಮಾಡುತ್ತಿದ್ದ ಗೆಳತಿ, “ನಾನು ಗೂಬೆ ಆಗಿದ್ದಕ್ಕೂ ಆಗದೆ ಇದ್ದಿದ್ದಕ್ಕೂ ಏನು ವ್ಯತ್ಯಾಸ ಆಯ್ತು, ನನಗೆ ಗೊತ್ತಾಗ್ಲಿಲ್ಲ” ಎಂದಳು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದನ್ನು ಸರಿಪಡಿಸಲು ಮುಂದಿನ ಕತೆಯಲ್ಲಿ ಇನ್ನೊಂದು ತುದಿಗೆ ಹೋದೆ. ಕೊಂಬಿರುವ ಪಾತ್ರವೊಂದನ್ನು ಕಂಡ ಊರೂರಿನವರೂ ಬಾಗಿಲು ಹಾಕಿದರು, ಕಲ್ಲು ತೂರಿದರು, ಕಾವಲಿನವರು ಹಿಡಿದರು. ಆ ಪಾತ್ರದವನು ಪ್ರತಿ ವಾರವೂ ಕ್ಷಮೆ ಕೇಳುತ್ತಲೋ ಓಡುತ್ತಲೋ ದಣಿದ. ಉಳಿದವರು ಅವನ ಕಷ್ಟವನ್ನು ನೋಡುತ್ತ ಕೂರುವ ಪ್ರೇಕ್ಷಕರಾದರು. ಹಗಲಿಡೀ ಕೆಲಸ ಮಾಡಿ ಸಂಜೆ ಆಟಕ್ಕೆ ಬಂದ ಒಬ್ಬ ಸ್ನೇಹಿತನನ್ನು ಮೂರು ಗಂಟೆ ಅವಮಾನಕ್ಕೆ ಒಡ್ಡಿದ್ದೆನಲ್ಲ ಎಂಬ ನೋವು ನನಗೆ ಆಮೇಲೆ ಬಹಳ ದಿನ ಇತ್ತು.

ಉತ್ತರ ಹೊಳೆದದ್ದು ಆಟದ ಪುಸ್ತಕಗಳಿಂದಲ್ಲ. ತೀರ್ಥಹಳ್ಳಿಯ ಕಡೆ ನೆಂಟರ ಮನೆಗೆ ಹೋಗಿದ್ದಾಗ ಅಡಿಕೆ ತೋಟದ ಮೇಲಂಚಿನಲ್ಲಿ, ಹಲಸಿನ ಮರದ ಬುಡದಲ್ಲಿ ಚೌಡಿಯ ಕಲ್ಲನ್ನು ನೋಡುತ್ತ ನಿಂತಿದ್ದೆ. ಕುಂಕುಮ ಹತ್ತಿದ ಮೊಳದುದ್ದದ ಕಲ್ಲು, ಮುಂದೆ ಒಣಗಿದ ಹೂವು, ಹಿಂದಿನ ವರ್ಷದ ತೆಂಗಿನಕಾಯಿಯ ಗೆರಟೆ. ಮಲೆನಾಡಿನ ಊರುಗಳು ತಮಗಿಂತ ಬೇರೆಯಾದ ಶಕ್ತಿಗಳ ಜೊತೆ ನೂರಾರು ವರ್ಷ ಬದುಕಿವೆ. ಚೌಡಿಬನ, ಭೂತನ ಕಟ್ಟೆ, ನಾಗಬನ ಇಲ್ಲದ ಊರು ಸಿಗುವುದು ಕಷ್ಟ. ಊರು ಅವುಗಳನ್ನು ಓಡಿಸಲೂ ಇಲ್ಲ, ಅವು ಇಲ್ಲವೇ ಇಲ್ಲ ಎಂಬಂತೆ ನಡೆದುಕೊಳ್ಳಲೂ ಇಲ್ಲ. ಇಲ್ಲಿಂದಾಚೆ ಅವಳ ಜಾಗ ಎಂದು ಗುರುತು ಹಾಕಿತು, ವರ್ಷಕ್ಕೊಮ್ಮೆ ಇಷ್ಟು ಅವಳ ಪಾಲು ಎಂದು ಒಪ್ಪಿಕೊಂಡಿತು, ಅವಳು ಮುನಿದರೆ ಯಾರ ಮೂಲಕ ಮಾತಾಡಿಸಬೇಕು ಎನ್ನುವುದನ್ನು ತಿಳಿದಿಟ್ಟುಕೊಂಡಿತು. ಆ ಕಲ್ಲಿನೆದುರು ನಿಂತಾಗ ನನ್ನ ಎರಡು ಕತೆಗಳಲ್ಲಿ ಇಲ್ಲದ್ದು ಏನೆಂದು ತಿಳಿಯಿತು. ನಾನು ವಿಚಿತ್ರ ಪಾತ್ರಗಳನ್ನು ಬರಮಾಡಿಕೊಂಡಿದ್ದೆ, ಆದರೆ ಅವುಗಳ ಜೊತೆ ಹಳೆಯ ಒಪ್ಪಂದವಿರುವ ಊರನ್ನು ಕಟ್ಟಿರಲಿಲ್ಲ. ಅಂದಿನಿಂದ ಅಪರೂಪದ ಪಾತ್ರ ಯಾರಾದರೂ ಕೇಳಿದರೆ ನಾನು ಅದರ ಬಲಾಬಲದ ಪಟ್ಟಿಯನ್ನು ಆಮೇಲೆ ನೋಡುತ್ತೇನೆ. ಮೊದಲು ಈ ಊರು ಅದನ್ನು ಏನೆಂದು ಕರೆಯುತ್ತದೆ, ಅದಕ್ಕೆ ಏನು ಕೊಡಬೇಕಾಗಿದೆ, ಅದರ ಬಳಿ ಮಾತಾಡುವ ಧೈರ್ಯ ಯಾರಿಗಿದೆ ಎನ್ನುವುದನ್ನು ಆಟಗಾರನ ಜೊತೆ ಕೂತು ಬರೆದುಕೊಳ್ಳುತ್ತೇನೆ.

ಇದು ಹೇಗೆ ನಡೆಯಿತೆಂಬುದಕ್ಕೆ ನಮ್ಮ ತಂಡದ ಬೆರ್ಚಪ್ಪನ ಕತೆಯನ್ನೇ ಹೇಳಬೇಕು. ಭದ್ರಾವತಿಯಲ್ಲಿ ಬೆಳೆದ ನನ್ನ ಗೆಳೆಯನೊಬ್ಬ, ಈ ಆಟದ್ದೇ ಆದ ಎಬರಾನ್ ಎಂಬ ಕಲ್ಪಿತ ಜಗತ್ತಿನಲ್ಲಿ ಬರುವ ವಾರ್‌ಫೋರ್ಜ್ಡ್ ಆಗಬೇಕೆಂದು ಕೇಳಿದ. ಆ ಜಗತ್ತು 2004ರಲ್ಲಿ ಪ್ರಕಟವಾದದ್ದು. ವಾರ್‌ಫೋರ್ಜ್ಡ್ ಎಂದರೆ ಯುದ್ಧಕ್ಕೆಂದು ತಯಾರಿಸಿದ, ಮನಸ್ಸಿರುವ ಯಂತ್ರಪುರುಷರು. ಅವರಿಗೆ ಊಟ ಬೇಡ, ನೀರು ಬೇಡ, ಉಸಿರು ಬೇಡ, ನಿದ್ದೆ ಬೇಡ. ಕಾಲುಸಂಕ ದಾಟಿ ಊರಿಗೆ ಬರಬೇಕಾದ, ಕಬ್ಬಿಣವೆಂದರೆ ಕತ್ತಿ ಮತ್ತು ನೇಗಿಲಿನ ಗುಳ ಮಾತ್ರವಾಗಿರುವ ಸಂಕದಗದ್ದೆಯಲ್ಲಿ ಇಂಥವನು ಎಲ್ಲಿಂದ ಬಂದಾನು? ಬೇಡವೆನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ತಡೆದು, “ಯಂತ್ರದಲ್ಲಿ ನಿನಗೆ ಇಷ್ಟವಾದದ್ದು ಏನು?” ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಲ ಅಲ್ಲ ಮಾರಾಯ. ಅವನನ್ನ ಒಂದೇ ಕೆಲಸಕ್ಕೆ ಅಂತ ಮಾಡಿದಾರೆ. ಆ ಕೆಲಸ ಮುಗಿದುಹೋಗಿದೆ. ಇನ್ನು ಅವನು ಏನು ಮಾಡ್ಬೇಕು, ಅದು ನನಗೆ ಬೇಕು” ಎಂದ. ಹಾಗೆ ಹೇಳಿದ ಮೇಲೆ ಕಬ್ಬಿಣ ಮುಖ್ಯವಲ್ಲ ಎಂದು ಇಬ್ಬರಿಗೂ ತಿಳಿಯಿತು. ಒಂದೇ ಕೆಲಸಕ್ಕೆಂದು ಮಾಡಿ, ಕೆಲಸ ಮುಗಿದ ಮೇಲೆ ಮರೆತುಬಿಡುವ ಮನುಷ್ಯಾಕೃತಿಯೊಂದು ನಮ್ಮ ಗದ್ದೆಗಳಲ್ಲಿ ಮೊದಲಿನಿಂದಲೂ ಇದೆ. ಹಕ್ಕಿ ಹಂದಿಗಳನ್ನು ಬೆದರಿಸಲು ನಿಲ್ಲಿಸಿ, ಕೊಯ್ಲಿನ ನಂತರ ಯಾರೂ ಕೀಳದೆ ಬಿಡುವ ಬೆರ್ಚಪ್ಪ.

ನಿಯಮದ ದೃಷ್ಟಿಯಿಂದ ನಾನು ಒಂದಕ್ಷರವನ್ನೂ ಬದಲಿಸಲಿಲ್ಲ. ವಾರ್‌ಫೋರ್ಜ್ಡ್‌ನ ಅಂಕಿಗಳೆಲ್ಲ ಹಾಗೇ ಇವೆ. ಲೋಹದ ಕವಚ ಇದ್ದಲ್ಲಿ ಬಿದಿರು, ಹುಲ್ಲು ಮತ್ತು ಹಳೆಯ ಕಂಬಳಿ ಬಂದವು, ವಿಷವನ್ನು ತಡೆದುಕೊಳ್ಳುವ ಗುಣ ಒಣಹುಲ್ಲಿಗೆ ಸಹಜವಾಗಿಯೇ ಒಪ್ಪಿತು. ಆದರೆ ಊರಿನಲ್ಲಿ ಅವನಿಗೊಂದು ಸ್ಥಾನ ಹುಡುಕಲು ಎರಡು ಸಂಜೆಗಳು ಬೇಕಾದವು. ಸಂಕದಗದ್ದೆಯಲ್ಲಿ ಬರಗಾಲದ ಒಂದು ವರ್ಷ ಕೊಯ್ಲೇ ಆಗಲಿಲ್ಲ, ಹಾಗಾಗಿ ಕಾಯುವ ಕೆಲಸದಿಂದ ಅವನಿಗೆ ಯಾರೂ ಬಿಡುಗಡೆ ಕೊಡಲಿಲ್ಲ, ಅವನು ನಿಂತೇ ಇದ್ದ, ಒಂದು ದಿನ ನಡೆದ ಎಂದು ನಿಶ್ಚಯಿಸಿದೆವು. ಊರಿನವರು ಅವನನ್ನು ಹೆಸರಿಟ್ಟು ಕರೆಯುವುದಿಲ್ಲ, “ಕಾಯುವವನು” ಎನ್ನುತ್ತಾರೆ. ಮಕ್ಕಳು ಅವನ ನೆರಳನ್ನು ತುಳಿಯುವುದಿಲ್ಲ. ಅವನಿಗೆ ಅಂಗಿ ತೊಡಿಸಿ ನಿಲ್ಲಿಸಿದ ಮುದುಕಿಯೊಬ್ಬಳು ಇನ್ನೂ ಬದುಕಿದ್ದಾಳೆ. ಆ ಅಂಗಿ ಅವಳ ಮಗನದು, ಮಗ ರಾಜಧಾನಿ ಬಿದ್ದಾಗ ಹೋದವನು ಮರಳಲಿಲ್ಲ. ನಾವು ಆಟವನ್ನು ಶುರುಮಾಡಿದ್ದು ಭೂಮಿ ಹುಣ್ಣಿಮೆಯ ನಸುಕಿನಲ್ಲಿ. ನಮ್ಮ ಕಡೆ ಅವತ್ತು ರಾತ್ರಿಯಿಡೀ ಅಡಿಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತೊಯ್ದು, ಬಸುರಿಗೆ ಬಯಕೆ ಇಕ್ಕುವಂತೆ ತೆನೆ ಹೊತ್ತ ಗದ್ದೆಗೆ ಚರಗ ಬೀರುತ್ತಾರಲ್ಲ, ಆ ಮುದುಕಿ ಹಾಗೆ ಬೀರುತ್ತ ಬಂದು ಒಂದು ತುತ್ತನ್ನು ಬೆರ್ಚಪ್ಪನ ಕಾಲ ಬುಡದಲ್ಲೂ ಇಟ್ಟಳು. ಊಟವೇ ಬೇಡದ ಪಾತ್ರಕ್ಕೆ ಊರು ಊಟ ಇಟ್ಟಿತು. ಅಡಿಕೆ ಹಾಳೆಯ ತಟ್ಟೆಯಲ್ಲಿ ದಾಳ ಮುಟ್ಟದೆ ಕೂತಿದ್ದ ಗೆಳೆಯ, “ಅದನ್ನ ನಾನು ತಿನ್ನಲ್ಲ, ಆದ್ರೆ ಕಾಗೆ ಮುಟ್ಟೋಕೂ ಬಿಡಲ್ಲ. ಬೆಳಗಾಗೋ ತನಕ ಅದನ್ನೇ ಕಾಯ್ತೀನಿ” ಎಂದ. ಆ ರಾತ್ರಿ ಅವನ ಪಾತ್ರ ನಮ್ಮೆಲ್ಲರಿಗೂ ನಿಜವಾಯಿತು.

ಗಂಡಭೇರುಂಡದ ವಿಚಾರದಲ್ಲಿ ತೊಡಕುಗಳು ಬೇರೆಯಾಗಿದ್ದವು. ಮೊದಲನೆಯದು ಹಾರಾಟ. ಅಕ್ಕನ ಮಗಳಿಗೆ ಬಳ್ಳಿಗಾವಿಯ ಮನುಷ್ಯದೇಹದ ಜೊತೆ ರೆಕ್ಕೆಯೂ ಬೇಕಿತ್ತು. ಹಾರುವ ಪಾತ್ರಗಳ ಬಗ್ಗೆ ಭಾಗವತರೆಲ್ಲ ಹೆದರುವುದಕ್ಕೆ ಕಾರಣವಿದೆ. ಐದನೆಯ ಆವೃತ್ತಿಯ ಆರಕೋಕ್ರ ಎಂಬ ಹಕ್ಕಿಮನುಷ್ಯರು ಮೊದಲ ಲೆವೆಲ್‌ನಲ್ಲಿಯೇ ಒಂದು ಸರದಿಗೆ 50 ಅಡಿ ಹಾರುತ್ತಿದ್ದರು, ನೆಲದಲ್ಲಿ ನಡೆಯುವ ಮನುಷ್ಯನ ಪಾಲಿಗೆ 30 ಅಡಿ ಮಾತ್ರ. ಕಂದಕ, ಕೋಟೆಗೋಡೆ, ತುಂಬಿದ ಹೊಳೆ, ಭಾಗವತನು ವಾರವೆಲ್ಲ ಕೂತು ಕಟ್ಟಿದ ತಡೆಗಳೆಲ್ಲ ಅವರಿಗೆ ಲೆಕ್ಕಕ್ಕಿಲ್ಲದಂತಾಗುತ್ತವೆ. ಕೆಲವರು ಇದಕ್ಕೆ ಐದನೆಯ ಲೆವೆಲ್ ತನಕ ಹಾರುವಂತಿಲ್ಲ ಎಂದು ನಿಯಮ ಮಾಡುತ್ತಾರೆ. ರೆಕ್ಕೆ ಕೊಟ್ಟು ಹಾರಬೇಡ ಎನ್ನುವುದು ನನಗೆ ಸರಿಕಾಣಲಿಲ್ಲ. ಅದರ ಬದಲು ನಾಡನ್ನೇ ನೋಡಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಂಥ ಮಳೆಯಲ್ಲಿ ನೆನೆದ ರೆಕ್ಕೆ ಎಷ್ಟು ದೂರ ಎತ್ತೀತು? ಕಾಡಿನ ಮೇಲೆ ಹಾರಿದರೆ ಎಲೆಗಳ ಚಪ್ಪರದ ಅಡಿಯಲ್ಲಿ ನಡೆಯುವ ಸಂಗಾತಿಗಳು ಕಾಣಿಸುವುದಿಲ್ಲ, ಚಪ್ಪರದ ಅಡಿಯಲ್ಲಿ ಹಾರಲು ಬಳ್ಳಿಗಳು ಬಿಡುವುದಿಲ್ಲ. ಕವಲೇದುರ್ಗದಂಥದೊಂದು ಗುಡ್ಡದ ಕೋಟೆಗೆ ಅವರು ನುಗ್ಗಬೇಕಾದ ವಾರ, ಅವಳು ಖುಷಿಯಿಂದ ಗೋಡೆಯ ಮೇಲಕ್ಕೆ ಹಾರಿದಳು. ಮೇಲೆ ಮಂಜು ಕವಿದಿತ್ತು. ಕೋಟೆ ಯಾವ ಕಡೆ, ಕಣಿವೆ ಯಾವ ಕಡೆ ಎಂದು ತಿಳಿಯದೆ ಬಲಗಡೆಯ ತಲೆ ಒಂದು ಕಡೆ ಹೋಗೋಣವೆಂದಿತು, ಎಡಗಡೆಯದು ಇನ್ನೊಂದು ಕಡೆ ಎಂದಿತು. ಕೆಳಗಿದ್ದ ಬೆರ್ಚಪ್ಪ ತನ್ನ ತೋಳಿನ ಹುಲ್ಲನ್ನು ಸ್ವಲ್ಪ ಕಿತ್ತು ಬೆಂಕಿ ಹಚ್ಚಿ ತೋರಿಸಿದ ಮೇಲೆ ಅವಳು ಇಳಿದಳು. ಹಾರುವ ಶಕ್ತಿ ಕಡಿಮೆಯಾಗಲಿಲ್ಲ, ಆದರೆ ಅದನ್ನು ಬಳಸಲು ನೆಲದ ಮೇಲಿನವರು ಬೇಕಾದರು.

ಎರಡನೆಯ ತೊಡಕು ಎರಡು ತಲೆಗಳದ್ದೇ. ಒಬ್ಬಳೇ ಎರಡೂ ದನಿಯಲ್ಲಿ ಮಾತಾಡತೊಡಗಿದರೆ ಮಿಕ್ಕವರಿಗೆ ಬಾಯಿ ತೆರೆಯಲು ಸಮಯ ಸಿಗುವುದಿಲ್ಲ, ಮೊದಲ ದಿನ ಹಾಗೇ ಆಯಿತು. ಅವಳನ್ನು ಗದರುವ ಬದಲು ಒಂದು ವ್ಯವಸ್ಥೆ ಮಾಡಿದೆ. ಬಲದ ತಲೆ ಯಾವಾಗಲೂ ಅವಳದ್ದು. ಎಡದ ತಲೆಯನ್ನು, ಆ ದೃಶ್ಯದಲ್ಲಿ ಯಾರ ಪಾತ್ರ ಇಲ್ಲವೋ ಅವರು ಆಡಬೇಕು. ಗುಂಪು ಎರಡಾಗಿ ಹೋದಾಗ ಅರ್ಧ ಗಂಟೆ ಫೋನು ನೋಡುತ್ತ ಕೂರುತ್ತಿದ್ದವರಿಗೆ ಇದರಿಂದ ಕೆಲಸ ಸಿಕ್ಕಿತು. ಭದ್ರಾವತಿಯ ಗೆಳೆಯ ಆಡಿದಾಗ ಎಡದ ತಲೆ ಮಿತಭಾಷಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿ ಆಡಿದಾಗ ಅದು ಪ್ರತಿ ಕಾಸಿಗೂ ಲೆಕ್ಕ ಕೇಳುತ್ತದೆ. ಒಂದೇ ತಲೆಗೆ ಇಷ್ಟೊಂದು ಸ್ವಭಾವ ಹೇಗೆ ಎಂದು ಅಕ್ಕನ ಮಗಳು ಯೋಚಿಸಿ, ಎಡದ ತಲೆ ಪ್ರತಿ ಹುಣ್ಣಿಮೆಗೆ ಹಿಂದಿನದನ್ನು ಮರೆಯುತ್ತದೆ, ಬಲದ ತಲೆ ಅದಕ್ಕೆ ಎಲ್ಲವನ್ನೂ ಮತ್ತೆ ಹೇಳಿಕೊಡುತ್ತದೆ ಎಂದು ತಾನೇ ಕತೆ ಕಟ್ಟಿದಳು. ನನಗೆ ಹೊಳೆಯದಿದ್ದ ಮಾತು ಅದು, ಈಗ ಇಡೀ ಕತೆಯ ಬೆನ್ನೆಲುಬಾಗಿದೆ.

ಸಂಗಾತಿಗಳ ಒಪ್ಪಿಗೆಯ ವಿಷಯ ಊರಿನ ಒಪ್ಪಿಗೆಯಷ್ಟೇ ಮುಖ್ಯವಾದದ್ದು. ಭಾಗವತನು ಹೇಳಿದನೆಂಬ ಕಾರಣಕ್ಕೆ ಸಾಮಾನ್ಯ ಮನುಷ್ಯರು ಎರಡು ತಲೆಯವಳನ್ನು ಕಂಡ ಕೂಡಲೇ “ಬಾ, ಜೊತೆಗೆ ಹೋಗೋಣ” ಎಂದರೆ ಆ ಕ್ಷಣ ಸುಳ್ಳಾಗುತ್ತದೆ. ರಾಮಾಯಣದಲ್ಲಿ ವಿಭೀಷಣನು ಕಡಲು ದಾಟಿ ಶರಣು ಬಂದಾಗ ನಡೆಯುವ ಚರ್ಚೆಯನ್ನು ನಾನು ಈ ಸಂದರ್ಭಕ್ಕೆ ಮಾದರಿಯಾಗಿ ಇಟ್ಟುಕೊಂಡಿದ್ದೇನೆ. ಶತ್ರುವಿನ ತಮ್ಮ, ರಾಕ್ಷಸ, ನಂಬುವುದು ಹೇಗೆ ಎಂದು ಸುಗ್ರೀವ ಅಡ್ಡಿ ಹೇಳುತ್ತಾನೆ, ಒಬ್ಬೊಬ್ಬ ವಾನರನೂ ತನಗೆ ತೋಚಿದ್ದನ್ನು ಹೇಳುತ್ತಾನೆ, ಹನುಮಂತ ಬಂದವನ ಪರ ನಿಲ್ಲುತ್ತಾನೆ, ಕೊನೆಗೆ ರಾಮ ನಿರ್ಧರಿಸುತ್ತಾನೆ. ಅಡ್ಡಿ ಹೇಳಿದವರಿಗೂ ಅಲ್ಲಿ ಮರ್ಯಾದೆಯಿದೆ. ನಮ್ಮಲ್ಲಿಯೂ ಹೊಸ ವಿಚಿತ್ರ ಪಾತ್ರ ಬಂದಾಗ ಮೊದಲ ಸಂಜೆಯ ಅರ್ಧ ಭಾಗವನ್ನು ಇಂಥ ಮಾತುಕತೆಗೆ ಮೀಸಲಿಡುತ್ತೇನೆ. ಯಾರಾದರೊಬ್ಬರು ಸುಗ್ರೀವನಾಗಬೇಕು, ಯಾರಾದರೊಬ್ಬರು ಹನುಮಂತನಾಗಬೇಕು. ಬ್ಯಾಂಕಿನ ಗೆಳತಿಯ ಪಾತ್ರ ಗಂಡಭೇರುಂಡವನ್ನು ಇವತ್ತಿಗೂ ಪೂರ್ತಿ ನಂಬಿಲ್ಲ, ಆ ಅಪನಂಬಿಕೆಯಿಂದ ಕತೆಗೆ ಬಂದಿರುವ ಜೀವವನ್ನು ನಾನು ಕಳೆದುಕೊಳ್ಳಲು ಬಯಸುವುದಿಲ್ಲ.

ಬಲ ಹೆಚ್ಚಿರುವ ಪಾತ್ರಕ್ಕೆ ಮಹಾಭಾರತದಲ್ಲೊಂದು ದಾರಿ ಸಿಕ್ಕಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಒಬ್ಬ ತಿಂಗಳಿಗೊಮ್ಮೆ ಮಾತ್ರ ರೈಲು ಹತ್ತಿ ಬರುತ್ತಾನೆ, ಅವನಿಗೆ ದೈತ್ಯನಾಗುವ ಆಸೆ. ಘಟೋತ್ಕಚನು ನೆನೆದಾಗ ಬರುತ್ತೇನೆಂದು ಮಾತು ಕೊಟ್ಟು ತಾಯಿಯೊಡನೆ ಉಳಿದವನಲ್ಲವೇ? ನಮ್ಮ ದೈತ್ಯನೂ ಹಾಗೆ. ಅವನು ಬಂದ ವಾರ ದೊಡ್ಡ ಕಾಳಗವಿರುತ್ತದೆ, ಬಾರದ ವಾರಗಳಲ್ಲಿ ಸಂಗಾತಿಗಳು ಅವನ ಬಲವನ್ನು ನೆಚ್ಚದೆ ನಡೆಯುತ್ತಾರೆ.

ಬೇಡವೆಂದು ಹೇಳಿದ ಒಂದು ಪಾತ್ರದ ಬಗ್ಗೆಯೂ ಬರೆಯಬೇಕು. ತಂಡದ ಒಬ್ಬರು, ಜನ ಈಗಲೂ ನಡೆದುಕೊಳ್ಳುವ ಒಂದು ದೈವದ ಹೆಸರನ್ನೇ ಹೇಳಿ, ಅದಾಗಿ ಆಡುತ್ತೇನೆಂದರು. ಉತ್ಸಾಹದಿಂದ ಕೇಳಿದ್ದೇ ಹೊರತು ಅಗೌರವವೇನೂ ಇರಲಿಲ್ಲ. ಆದರೆ ಅದೇ ಜಗಲಿಯಲ್ಲಿ ಕೂತಿದ್ದ ಇನ್ನೊಬ್ಬರ ಮನೆಯಲ್ಲಿ ಆ ದೈವಕ್ಕೆ ವರ್ಷವರ್ಷವೂ ಪೂಜೆ ಸಲ್ಲುತ್ತದೆ. ಅವರು ಏನೂ ಹೇಳಲಿಲ್ಲ, ಕೈಯಲ್ಲಿದ್ದ ದಾಳವನ್ನು ತಟ್ಟೆಯಲ್ಲಿಟ್ಟು ಒಳಗೆ ನೀರು ಕುಡಿಯಲು ಹೋದರು. ನನಗೆ ಅಷ್ಟು ಸಾಕಾಯಿತು. ಚೌಡಿಯ ಕಲ್ಲಿನಿಂದ ನಾನು ಕಲಿತದ್ದು ಊರು ಮತ್ತು ವಿಚಿತ್ರದ ನಡುವಿನ ಸಂಬಂಧದ ರೀತಿಯನ್ನು. ಅದರ ಅರ್ಥ ಚೌಡಿಯನ್ನೇ ಎತ್ತಿ ತಂದು ಅವಳ ಬಲಕ್ಕೆ ಅಂಕಿ ಬರೆಯುವುದೆಂದಲ್ಲ. ಅಂದಿನಿಂದ ಪೂಜೆ ಸಲ್ಲುವ ಯಾವ ಹೆಸರೂ ಪಾತ್ರದ ಹಾಳೆಗೆ ಬರಬಾರದೆಂದು ಎಲ್ಲರೂ ಒಪ್ಪಿಕೊಂಡಿದ್ದೇವೆ. ಕೇಳಿದವರೂ ಬೇಸರಿಸದೆ ಇನ್ನೊಂದು ಪಾತ್ರ ಮಾಡಿಕೊಂಡರು: ತರಗೆಲೆಯನ್ನು ಒಟ್ಟುಮಾಡಿ ಮೊಟ್ಟೆಗೆ ಗೂಡು ಕಟ್ಟುವ ಕಾಳಿಂಗದ ಕುಲದವಳು, ಬೇರೆ ಹಾವುಗಳನ್ನೇ ತಿಂದು ಬದುಕುವವಳು, ಹಾಗಾಗಿ ಊರಿಗೆ ಬೇಕಾದವಳು, ಆದರೂ ಊರು ಅಂಜುವವಳು. ಹೀಗೆ ಕಾಡಿನ ನಿಜವಾದ ಜೀವಿಯೊಂದರ ನಡವಳಿಕೆಯಿಂದ ಪಾತ್ರ ಹುಟ್ಟಿದರೆ ನನ್ನ ಅರ್ಧ ಕೆಲಸ ಹಗುರವಾಗುತ್ತದೆ.

ಈಗ ಹೊಸಬಳೊಬ್ಬಳು ಸೇರುವವಳಿದ್ದಾಳೆ. ತೀರ್ಥಹಳ್ಳಿಯ ಹತ್ತಿರ ತುಂಗೆಯಲ್ಲಿರುವ ಚಿಪ್ಪಲಗುಡ್ಡೆಯ ಮತ್ಸ್ಯಧಾಮವನ್ನು ಚಿಕ್ಕಂದಿನಿಂದ ನೋಡಿ ಬೆಳೆದವಳು, ಅವಳಿಗೆ ಹೊಳೆಯ ದೊಡ್ಡ ಮೀನಾಗಬೇಕಂತೆ. ನೀರು ಬಿಟ್ಟು ಎಷ್ಟು ಹೊತ್ತು ಇರಬಲ್ಲಳು, ಘಟ್ಟ ಹತ್ತುವಾಗ ಅವಳನ್ನು ಹಂಡೆಯಲ್ಲಿ ಹೊರುವವರು ಯಾರು ಎಂದು ಉಳಿದವರು ಚರ್ಚೆಗೆ ಇಳಿದಿದ್ದಾರೆ. ನಾನು ಎಂದಿನ ಪ್ರಶ್ನೆಯನ್ನೇ ಕೇಳಿದೆ, ಮೀನಿನಲ್ಲಿ ನಿನಗೆ ಇಷ್ಟವಾದದ್ದು ಏನೆಂದು. ಅವಳು ನಿನ್ನೆ ರಾತ್ರಿ ಉತ್ತರ ಕಳಿಸಿದಳು: “ಎಲ್ಲರೂ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಹಾಕಿ ಹೋಗ್ತಾರಣ್ಣ, ಒಬ್ಬರೂ ನಿಂತು ಮಾತಾಡಿಸಲ್ಲ.” ಸಂಕದಗದ್ದೆಯ ನಕ್ಷೆಯನ್ನು ಬರೆದ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಮತ್ತೆ ಬಿಚ್ಚಿ, ಹೊಳೆಯ ತಿರುವಿನಲ್ಲಿ ಏಳು ಮೆಟ್ಟಿಲುಗಳನ್ನು ಎಳೆದಿದ್ದೇನೆ. ಕೊನೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತ ಕೂತಿರುವವರು ಯಾರೆಂದು ಭಾನುವಾರದೊಳಗೆ ನಿರ್ಧರಿಸಬೇಕು.